ಮೂವತ್ತೈದು ದಾಟಿದ ಮೇಲೆ ಬ್ಯಾಂಜೊ ಕಲಿಯೋದು



ಶುರು ಮಾಡೋಕೆ ಮುಂಚೆ ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ಇವತ್ತಿನ ವಿಷಯ ನೋಡಿ ನಿಮ್ಮಲ್ಲಿ ಅರ್ಧ ಜನ ಅಮೆರಿಕದ ಬ್ಯಾಂಜೊ ಅಂದ್ಕೊಂಡಿರ್ತೀರಿ. ದುಂಡಗಿನ ಮೈ, ಅದಕ್ಕೆ ಬಿಗಿದ ಚರ್ಮ, ಉದ್ದನೆಯ ಕತ್ತು, ಐದು ತಂತಿ. ಆಫ್ರಿಕಾದಿಂದ ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಜನರ ಕೈಯಲ್ಲಿ ಸಮುದ್ರದ ಆಚೆ ದಡದಲ್ಲಿ ರೂಪ ತಳೆದ ವಾದ್ಯ ಅದು. ದೊಡ್ಡ ಕಥೆ, ಇನ್ನೊಂದು ದಿನ ಯಾರಾದ್ರೂ ಹೇಳಲಿ. ನಾನು ಹೇಳ್ತಿರೋದು ಗಣಪತಿ ಮುಂದೆ ಬಾರಿಸೋ ಬ್ಯಾಂಜೊ. ಮುಂಬೈನಲ್ಲಿ ಒಂದು ಭಾದ್ರಪದ ಕಳೆದಿದ್ರೂ ಸಾಕು, ಅದರ ದನಿ ನಿಮ್ಮ ಕಿಟಕಿಯೊಳಗೆ ಬಂದೇ ಇರತ್ತೆ.

ಹೆಸರು ಒಂದೇ, ಎರಡಕ್ಕೂ ನೆಂಟಸ್ತಿಕೆ ಇಲ್ಲ. ನಮ್ಮದು ಒಂದು ಉದ್ದನೆಯ ಮರದ ಪೆಟ್ಟಿಗೆ. ಅದರ ಮೇಲೆ ಉಕ್ಕಿನ ತಂತಿ, ತಂತಿಯ ಮೇಲೆ ಎರಡು ಸಾಲು ಗುಂಡಿ. ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ಪಿಕ್ ಹಿಡಿದು ತಂತಿ ಮೀಟಬೇಕು. ಇದರ ಇನ್ನೊಂದು ಹೆಸರು ಬುಲ್‌ಬುಲ್ ತರಂಗ್. ಅಜ್ಜನ ಮನೆಯಲ್ಲೋ, ಸಾಲಿ ಮಾಸ್ತರ ಮನೆಯಲ್ಲೋ ಬೀರುವಿನ ಮೇಲೆ ಹಳೇ ಟವೆಲ್ ಸುತ್ತಿ ಇಟ್ಟಿದ್ದ ಪೆಟ್ಟಿಗೆಯೊಂದು ನೆನಪಾದ್ರೆ, ಅದೇ ಇದು. (ನನ್ನ ಮಾತಿನಲ್ಲಿ ಬಾಗಲಕೋಟೆ, ಬೆಂಗಳೂರು, ಮುಂಬೈ ಮೂರೂ ಕಲಸಿಕೊಂಡಿವೆ. ಹೊಂದಿಸಿಕೊಳ್ರಿ.)

ಇದು ಬಂದದ್ದು ಎಲ್ಲಿಂದ ಅಂದ್ರೆ, ಜಪಾನಿನಿಂದ. 1912ರಲ್ಲಿ ನಗೋಯಾ ಊರಿನ ಮೊರಿಟಾ ಗೋರೊ ಅನ್ನೋರು ಮಾಡಿದ್ದು. ಜಪಾನಿನಲ್ಲಿ ತೈಶೊ ಚಕ್ರವರ್ತಿಯ ಕಾಲ ಶುರುವಾದದ್ದು ಅದೇ ವರ್ಷ, ಅದಕ್ಕೇ ಅಲ್ಲಿ ಇದಕ್ಕೆ ತೈಶೊಗೊತೊ ಅಂತ ಹೆಸರು. ಅವರು ಮಾಡಿದ್ದು ಏನು ಅಂದ್ರೆ, ಹಳೆಯ ಎರಡು ತಂತಿಯ ಜಪಾನಿ ವಾದ್ಯವೊಂದನ್ನ ತಗೊಂಡು ಅದರ ಮೇಲೆ ಟೈಪ್‌ರೈಟರಿನ ಗುಂಡಿ ಕೂರಿಸಿದ್ರು. ತಂತಿಯ ಮೇಲೆ ಬೆರಳನ್ನ ಎಲ್ಲಿ ಇಡಬೇಕು ಅಂತ ವರ್ಷಗಟ್ಟಲೆ ಕಲಿಯೋ ಕಷ್ಟವೇ ಬೇಡ. ಗುಂಡಿ ಒತ್ತಿದ್ರೆ ಅದರ ಕೆಳಗಿನ ತಗಡಿನ ಪಟ್ಟಿ ತಂತಿಯನ್ನ ಸರಿಯಾದ ಜಾಗದಲ್ಲೇ ಮೆಟ್ಟಿಲಿಗೆ ಒತ್ತುತ್ತೆ. ಅಗ್ಗ, ಹಗುರ, ಕೈಯಲ್ಲಿ ಹಿಡ್ಕೊಂಡು ಹೋಗಬಹುದು. ಅದು ನಮ್ಮ ದೇಶಕ್ಕೂ ಬಂತು. ಇವತ್ತಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಅದೇ ವಾದ್ಯ ಉದ್ದ ಬೆಳೆದು ಬೆಂಜು ಅಂತಾಗಿ ಅಲ್ಲಿನ ಸಂಗೀತದ ಮುಖ್ಯ ವಾದ್ಯಗಳಲ್ಲಿ ಒಂದಾಯ್ತು. ಮಹಾರಾಷ್ಟ್ರದಲ್ಲಿ ಅದಕ್ಕೆ ಪಿಕಪ್ ಹಾಕಿ, ಆಂಪ್ಲಿಫೈಯರಿಗೆ ಜೋಡಿಸಿ, ಢೋಲ್ ತಾಶಾಗಳ ಜೊತೆ ಬೀದಿಗೆ ಇಳಿಸಿದ್ರು. 2016ರಲ್ಲಿ ಇದರ ಹೆಸರಲ್ಲೇ ರಿತೇಶ್ ದೇಶ್‌ಮುಖ್ ಅವರ ಒಂದು ಹಿಂದಿ ಸಿನಿಮಾನೂ ಬಂತು, ನೋಡಿರಬಹುದು.

ಟೈಪ್‌ರೈಟರ್ ಅಂದ ಕೂಡ್ಲೇ ಆಫೀಸಿನಲ್ಲಿ ಎಲ್ಲರೂ ಒಂದೇ ಜೋಕ್ ಹೇಳಿದ್ರು. ಹದಿಮೂರು ವರ್ಷದಿಂದ ಕೀಬೋರ್ಡ್ ಕುಟ್ತಾ ಇದೀಯಲ್ಲ, ನಿನಗೇನು ಒಂದು ವಾರದ ಕೆಲಸ. ಆ ಜೋಕಿಗೆ ಉತ್ತರ ಸ್ವಲ್ಪ ಉದ್ದ ಇದೆ. ಇವತ್ತಿನ ಮಾತು ಹೆಚ್ಚುಕಡಿಮೆ ಅದೇ.

ಯಾಕೆ ಕಲಿಯೋಕೆ ಹೊರಟೆ ಅಂತ ಕೇಳ್ತಾರೆ. ದನಿ ಇಷ್ಟ ಆಯ್ತು, ಅಷ್ಟೇ. ನಮ್ಮ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಆಕಿ ಅಂದದ್ದು, "ಈ ವಯಸ್ಸಿನ್ಯಾಗ ಇದೇನ್ ಹುಚ್ಚಪ್ಪಾ? ಸಾಲಿ ಇದ್ದಾಗ ಹಾರ್ಮೋನಿಯಂ ಕ್ಲಾಸಿಗೆ ಹೋಗಂದ್ರ ಒಲ್ಲೆ ಅಂತಿದ್ದಿ." ನನ್ನ ಜೊತೆಯವರು ಗಿಟಾರ್ ಕಲೀತಾರೆ, ಉಕುಲೆಲೆ ಕಲೀತಾರೆ, ಅದಕ್ಕೆಲ್ಲ ಹವ್ಯಾಸ ಅಂತ ಮರ್ಯಾದೆ ಇದೆ. ಬ್ಯಾಂಜೊ ಅಂದ್ರೆ ನಗ್ತಾರೆ. ಅದು ರಸ್ತೆಯ ವಾದ್ಯ, ಗುಲಾಲಿನ ವಾದ್ಯ, ಟ್ರಾಫಿಕ್ ಜಾಮಿನ ವಾದ್ಯ. ಇದರಲ್ಲಿ ಹೊಸದೇನೂ ಇಲ್ಲ ನೋಡ್ರಿ. ಗುಂಡಿ ಇರೋ ವಾದ್ಯಗಳ ಮೇಲೆ ನಮ್ಮವರಿಗೆ ಮೊದಲಿಂದಲೂ ಗುಮಾನಿ. ಇವತ್ತು ಹಾರ್ಮೋನಿಯಂ ಇಲ್ಲದೆ ಹಿಂದೂಸ್ತಾನಿ ಕಛೇರಿ ಊಹಿಸೋಕೆ ಕಷ್ಟ, ಆದ್ರೆ 1940ರಿಂದ 1971ರ ತನಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಇತ್ತು. ಮೀಂಡ್ ಬರಲ್ಲ, ಗಮಕ ಬರಲ್ಲ, ಸ್ವರ ಸ್ಥಿರ, ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ. ಬ್ಯಾಂಜೊಗೂ ಅದೇ ಮಾತು ಒಪ್ಪುತ್ತೆ, ಒಪ್ಕೊಳ್ತೀನಿ. ತೋಡಿಯ ಗಾಂಧಾರ ಈ ಗುಂಡಿಯಲ್ಲಿ ಹುಟ್ಟಲ್ಲ. ಮೋಹನದ ಥರದ ಐದು ಸ್ವರದ ರಾಗ, ಲಾವಣಿ, ಕೋಳಿಗೀತೆ, ಸಿನಿಮಾ ಹಾಡು, ಇವೆಲ್ಲ ಚೆನ್ನಾಗಿ ಬರತ್ತೆ. ನನಗೆ ಅಷ್ಟು ಸಾಕು.

ಕಲಿಸೋರನ್ನ ಹುಡುಕೋದೇ ಮೊದಲ ಕಷ್ಟ. ನಾನಿರೋದು ಐರೋಲಿಯಲ್ಲಿ. ಸುತ್ತಮುತ್ತ ಗಿಟಾರ್ ಕ್ಲಾಸ್ ಗಲ್ಲಿಗೊಂದು ಇದೆ, ಬ್ಯಾಂಜೊ ಕ್ಲಾಸ್ ಒಂದೂ ಸಿಗಲಿಲ್ಲ. ನಮ್ಮ ಸೊಸೈಟಿ ಗಣಪತಿಗೆ ಬಂದಿದ್ದ ಬ್ಯಾಂಜೊ ಪಾರ್ಟಿಯ ಹುಡುಗನೊಬ್ಬ ಒಂದು ನಂಬರ್ ಕೊಟ್ಟ. ಹೀಗೆ ಸಿಕ್ಕಿದ್ದು ಕಾಕಾ. ನಮ್ಮ ಬಾಗಲಕೋಟೆ ಕಡೆಯೂ ಚಿಕ್ಕಪ್ಪನಿಗೆ ಕಾಕಾ ಅಂತಲೇ ಅನ್ನೋದು, ಹಾಗಾಗಿ ಬಾಯಿಗೆ ಸಲೀಸಾಗಿ ಬಂತು. ಕೊಂಕಣದವರು, ಅರವತ್ತು ದಾಟಿದವರು, ಭಾಂಡುಪ್ ಪಶ್ಚಿಮದ ಗುಡ್ಡದ ಇಳಿಜಾರಿನ ಚಾಳಿನಲ್ಲಿ ಮನೆ. ಅಪ್ಪ ಪರೇಲಿನ ಬಟ್ಟೆ ಗಿರಣಿಯಲ್ಲಿದ್ದರಂತೆ, 1982ರ ದೊಡ್ಡ ಮುಷ್ಕರದ ನಂತರ ಕೆಲಸ ಹೋಯ್ತು. ಕಾಕಾ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದೋರು. ಈಗಲೂ ಅವರ ಬ್ಯಾಂಜೊ ಗುಂಡಿಯ ತಗಡಿನ ಪಟ್ಟಿಗಳನ್ನ ಅವರೇ ಅರ ಹಾಕಿ ತಿದ್ಕೊಳ್ತಾರೆ. ಹೊಸ ಬ್ಯಾಂಜೊ ಯಾರು ತಂದು ಕೊಟ್ಟರೂ ಮೊದಲು ಬಾರಿಸಲ್ಲ, ಸ್ಕ್ರೂಡ್ರೈವರ್ ತಗೊಂಡು ಬಿಚ್ಚುತ್ತಾರೆ.

ಭಾನುವಾರ ಬೆಳಿಗ್ಗೆ ಐರೋಲಿಯಿಂದ ಠಾಣೆ, ಅಲ್ಲಿ ಸ್ಲೋ ಲೋಕಲ್ ಬದಲಾಯಿಸಿ ಭಾಂಡುಪ್, ಆಮೇಲೆ ಶೇರ್ ರಿಕ್ಷಾ, ಆಮೇಲೆ ಮೆಟ್ಟಿಲು. ಉಸಿರು ಬಿಡ್ತಾ ಮೇಲೆ ಹೋಗಿ ಕೂತರೆ ಅವರು ಮೊದಲ ದಿನ ಮಾಡಿದ್ದೇನು ಗೊತ್ತಾ? ನನ್ನ ಎಡಗೈ ಎತ್ತಿ ತೊಡೆಯ ಮೇಲೆ ಇಡಿಸಿದ್ರು. ಮೂರು ವಾರ ಗುಂಡಿ ಮುಟ್ಟೋ ಹಾಗಿಲ್ಲ. ಬರೀ ಬಿಟ್ಟ ತಂತಿ. ಪಿಕ್ ಕೆಳಗೆ ಹೋದ್ರೆ ದಾ, ಮೇಲೆ ಬಂದ್ರೆ ರಾ. ದಾ ರಾ ದಾ ರಾ. ಪಕ್ಕದಲ್ಲಿ ಅವರು ಸ್ಟೀಲ್ ಡಬ್ಬಿಯ ಮೇಲೆ ಬೆರಳಲ್ಲಿ ತಾಳ ಕುಟ್ಟೋರು. ಇಪ್ಪತ್ತು ನಿಮಿಷ ಅದೇ. ಒಳಗಿಂದ ಕಾಕಿ ಚಹಾ ತರೋರು, ಮತ್ತೆ ಇಪ್ಪತ್ತು ನಿಮಿಷ ಅದೇ.

ಅದು ಯಾಕೆ ಅಂತ ಅವರು ಹೇಳಲಿಲ್ಲ, ಕೇಳಿದ್ರೂ ಅವರ ಹತ್ತಿರ ಮಾತು ಇರಲಿಲ್ಲ. ನನ್ನ ಮಟ್ಟಿಗೆ ನಾನು ಅರ್ಥ ಮಾಡ್ಕೊಂಡದ್ದು ಹೀಗೆ. ಈ ವಾದ್ಯದಲ್ಲಿ ಎಡಗೈ ಕೆಲಸ ಬರೀ ವಿಳಾಸ ಹೇಳೋದು: ಸಾ ಇಲ್ಲಿದೆ, ಗಾ ಇಲ್ಲಿದೆ. ಆ ಕಷ್ಟವನ್ನ ಮೊರಿಟಾ ಅವರು ನೂರು ವರ್ಷದ ಹಿಂದೆಯೇ ಪರಿಹರಿಸಿಬಿಟ್ಟಿದ್ದಾರೆ. ಆದ್ರೆ ಮೀಟಿದ ತಂತಿಯ ದನಿ ಸೆಕೆಂಡ್ ಎರಡು ಸೆಕೆಂಡಲ್ಲಿ ಸಾಯತ್ತೆ. ಹಾರ್ಮೋನಿಯಂಗೆ ಗಾಳಿ ಇದೆ, ಕೊಳಲಿಗೆ ಉಸಿರು ಇದೆ, ಇದಕ್ಕೆ ಏನೂ ಇಲ್ಲ. ಉದ್ದದ ಸ್ವರ ಬೇಕಂದ್ರೆ ಬಲಗೈ ಅದನ್ನ ದಿರಿದಿರಿದಿರಿ ಅಂತ ಮೀಟಿ ಮೀಟಿ ಬದುಕಿಸಬೇಕು. ಎಲ್ಲಿ ಒತ್ತು, ಎಲ್ಲಿ ಮೌನ, ಎಲ್ಲಿ ಹಾಡಿನ ಸಾಲು ಮುಗೀತು, ಎಲ್ಲಾ ಬಲಗೈಯೇ ಹೇಳೋದು. ಗುಂಡಿ ಕಣ್ಣಿಗೆ ಕಾಣತ್ತೆ ಅಂತ ಎಲ್ಲರೂ ಗುಂಡಿ ಕಲೀತಾರೆ. ಯೂಟ್ಯೂಬಿನಲ್ಲಿ ಯಾವ ವಿಡಿಯೋ ಬೇಕಾದ್ರೂ ತೆಗೀರಿ, ಕ್ಯಾಮೆರಾ ಎಡಗೈ ಮೇಲೆ ಇರತ್ತೆ.

ಈಗ ಆ ಟೈಪ್‌ರೈಟರ್ ಜೋಕಿಗೆ ಬರೋಣ. ಟೈಪ್ ಮಾಡೋದರಲ್ಲಿ ಲಯ ಇಲ್ಲ. ಒಂದು ಅಕ್ಷರ ಕಾಲು ಸೆಕೆಂಡ್ ತಡವಾಗಿ ಬಿದ್ರೆ ಕಂಪೈಲರ್ ಏನೂ ಅನ್ನಲ್ಲ. ನಡುವೆ ಎದ್ದು ಹೋಗಿ ಚಹಾ ಕುಡಿದು ಬಂದು ಅದೇ ಸಾಲು ಮುಂದುವರಿಸಬಹುದು. ಬ್ಯಾಕ್‌ಸ್ಪೇಸ್ ಬೇರೆ ಇದೆ. ಇಷ್ಟು ವರ್ಷ ಬೆರಳಿಗೆ ನಾವು ಕಲಿಸಿರೋದು ವೇಗ, ಕಾಲ ಅಲ್ಲ. ಅದಕ್ಕೇ ನಮ್ಮಂಥವರ ಕೈ ಬ್ಯಾಂಜೊ ಮೇಲೆ ಓಡತ್ತೆ. ನಡೆಯೋಕೆ ಬರಲ್ಲ. ಕಾಕಾ ದಿನಕ್ಕೆ ನೂರು ಸಲ ಹೇಳೋ ಒಂದೇ ಮಾತು, "ಥಾಂಬಾ, ಥಾಂಬಾ." ನಿಲ್ಲಿ, ನಿಲ್ಲಿ.

ಎಡಗೈಯಲ್ಲೂ ಸ್ವಾರಸ್ಯ ಇಲ್ಲ ಅಂತಲ್ಲ. ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀರಾ? ನೋಡಿ, ಹಾರ್ಮೋನಿಯಂನಲ್ಲಿ ಎರಡು ಮನೆ ಒತ್ತಿದ್ರೆ ಎರಡು ಸ್ವರ ಬರತ್ತೆ. ಇಲ್ಲಿ ಬರಲ್ಲ. ಎರಡು ಗುಂಡಿ ಒಟ್ಟಿಗೆ ಒತ್ತಿದ್ರೆ ಬಲಗೈಗೆ ಹತ್ತಿರ ಇರೋ ಗುಂಡಿಯ ಸ್ವರ ಮಾತ್ರ ಕೇಳತ್ತೆ, ಯಾಕಂದ್ರೆ ತಂತಿ ಅಲ್ಲಿಂದಲೇ ಮೊಟಕಾಗತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಮ್ಯಾಕ್ಸ್ ಫಂಕ್ಷನ್. ಹಾಗಾಗಿ ಕೆಳಗಿನ ಸ್ವರದ ಗುಂಡಿಯನ್ನ ಒತ್ತಿಯೇ ಹಿಡಿದು, ಮೇಲಿನದನ್ನ ಇನ್ನೊಂದು ಬೆರಳಲ್ಲಿ ಹಗುರಾಗಿ ತಟ್ಟಿ ಬಿಟ್ಟರೆ, ಹೀಗೆ, ಸ್ವರ ನಡುಗಿ ವಾಪಸ್ ತನ್ನ ಜಾಗಕ್ಕೆ ಬರತ್ತೆ. ಕೇಳಿಸ್ತಾ? ಪಿಕ್ ಒಂದೇ ಸಲ ಹೊಡೆದದ್ದು, ಸ್ವರ ಮೂರು. ಗಮಕ ಅಲ್ಲ, ಗಮಕದ ನೆರಳು. ಬೀದಿಯ ಬ್ಯಾಂಜೊ ಕೇಳಿದಾಗ ಆ ಕೊಂಕು ಕೊಂಕಾಗಿ ಕೇಳೋ ಸೊಗಸು ಇಲ್ಲಿಂದ ಬರೋದು. ಹಾರ್ಮೋನಿಯಂ ಕಲಿತವರಿಗೆ ಬೆರಳು ಎತ್ತೋದು ಅಭ್ಯಾಸ ಆಗಿರತ್ತೆ, ಅವರು ಬೇಕಂದ್ರೂ ಇದನ್ನ ಬೇಗ ಹಿಡಿಯಲ್ಲ. ಅವ್ವನ ಮಾತು ಕೇಳಿ ಆ ಕ್ಲಾಸಿಗೆ ಹೋಗದೇ ಇದ್ದದ್ದಕ್ಕೆ ಇಷ್ಟಾದರೂ ಲಾಭ ಆಯ್ತು ಅನ್ನಿ.

ದೊಡ್ಡವರಾದ ಮೇಲೆ ಕಲಿಯೋದರ ನಿಜವಾದ ತೊಂದರೆ ಬೆರಳಲ್ಲಿ ಇಲ್ಲ. ಬೆರಳು ಗಟ್ಟಿಯಾಗಿದೆ, ಬಗ್ಗಲ್ಲ ಅಂತೆಲ್ಲ ಹೇಳ್ತಾರೆ. ಈ ವಾದ್ಯಕ್ಕೆ ಅದು ಅಷ್ಟು ಲಾಗೂ ಆಗಲ್ಲ. ಗಿಟಾರಿನ ಹಾಗೆ ತಂತಿ ಬೆರಳ ತುದಿ ಕೊಯ್ಯಲ್ಲ, ಬೆರಳು ಮುಟ್ಟೋದು ಗುಂಡಿಯನ್ನ. ತೊಂದರೆ ಇರೋದು ಕಿವಿಯಲ್ಲಿ. ನನ್ನ ಕಿವಿಗೆ ಮೂವತ್ತಾರು ವಯಸ್ಸು. ಅದು ರಾಜ್‌ಕುಮಾರ್, ಪಿ.ಬಿ. ಶ್ರೀನಿವಾಸ್, ಭೀಮಸೇನ ಜೋಶಿ ಎಲ್ಲರನ್ನೂ ಕೇಳಿ ಬೆಳೆದಿದೆ. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅದಕ್ಕೆ ಚೆನ್ನಾಗಿ ಗೊತ್ತು. ಕೈಗೆ ಇನ್ನೂ ಮೂರು ತಿಂಗಳು. ಮೂರು ತಿಂಗಳ ಕೂಸು ಮಾಡೋ ಸದ್ದನ್ನ ಮೂವತ್ತಾರರ ಕಿವಿ ದಿನಾ ಪಕ್ಕದಲ್ಲೇ ಕೂತು ಕೇಳಬೇಕು. ಜನ ಬಿಟ್ಟುಬಿಡೋದು ಇಲ್ಲೇ. ತಮಗೆ ಬರಲ್ಲ ಅಂತ ಬಿಡಲ್ಲ, ತಮ್ಮದನ್ನ ತಾವೇ ಕೇಳೋಕಾಗಲ್ಲ ಅಂತ ಬಿಡ್ತಾರೆ.

ಮಕ್ಕಳಿಗೆ ಈ ಕಷ್ಟ ಇಲ್ಲ. ನನ್ನ ಮಗಳಿಗೆ ಆರು ವರ್ಷ. ಅವಳ ಕಿವಿ, ಕೈ ಎರಡೂ ಒಂದೇ ಕ್ಲಾಸಿನಲ್ಲಿವೆ. ಮೂರು ಗುಂಡಿ ಒತ್ತಿ, ಅದನ್ನೇ ಹಿಂದೆ ಮುಂದೆ ಬಾರಿಸಿ, "ಹಾಡು ಮಾಡಿದೆ" ಅಂತ ಹೋಗಿಬಿಡ್ತಾಳೆ. ಅವಳಿಗೆ ಅದು ನಿಜವಾಗಲೂ ಹಾಡು. ನನಗೆ ಅದೇ ಮೂರು ಸ್ವರದಲ್ಲಿ ಶ್ರುತಿ ಸ್ವಲ್ಪ ಮೇಲಿದೆ ಅನ್ನೋದೇ ಮೊದಲು ಕೇಳಿಸೋದು. ಅದೂ ಸುಳ್ಳಲ್ಲ. ಗುಂಡಿಯನ್ನ ಜೋರಾಗಿ ಒತ್ತಿದ್ರೆ ತಂತಿ ಬಿಗಿಯಾಗಿ ಸ್ವರ ಮೇಲಕ್ಕೆ ಜಾರತ್ತೆ. ಎಂಟೆಕ್‌ನಲ್ಲಿ ನಾನು ಓದಿದ್ದು ಸಿಗ್ನಲ್ ಪ್ರಾಸೆಸಿಂಗ್. ಟ್ಯೂನರ್ ಆ್ಯಪ್ ಹಿಡ್ಕೊಂಡು ಒಂದೊಂದು ಗುಂಡಿ ಎಷ್ಟು ಸೆಂಟ್ ಆಚೀಚೆ ಇದೆ ಅಂತ ಒಂದು ಪಟ್ಟಿ ಮಾಡಿ ಕಾಕಾಗೆ ತೋರಿಸಿದೆ. ಅವರು ಅದನ್ನ ನೋಡಲಿಲ್ಲ. ಬ್ಯಾಂಜೊ ತಗೊಂಡು ಒಂದು ಸಲ ಮೇಲಿಂದ ಕೆಳಗೆ ಬಾರಿಸಿ, ಪಟ್ಟಿಯಲ್ಲಿ ನಾನು ಕೆಂಪು ಬಣ್ಣ ಹಾಕಿದ್ದ ಅದೇ ನಾಲ್ಕು ಗುಂಡಿ ಬಿಚ್ಚಿ ಅರ ಹಾಕಿದ್ರು.

ಅವರ ಇನ್ನೊಂದು ಮಾತು, "ಹಾತ್ ಬಘೂ ನಕಾ, ಐಕಾ." ಕೈ ನೋಡಬೇಡಿ, ಕೇಳಿ. ಶುರುವಿನಲ್ಲಿ ನಾನು ಸ್ವರಗಳನ್ನ ಬರೆದುಕೊಳ್ತಿದ್ದೆ, ಸಾ ರೀ ಗಾ ಪಾ ಅಂತ, ಪ್ರತಿ ಗುಂಡಿಗೂ ಒಂದು ಸ್ಟಿಕ್ಕರ್. ಎರಡನೇ ತಿಂಗಳು ಹೋದಾಗ ಕಾಕಾ ಎಲ್ಲಾ ಸ್ಟಿಕ್ಕರ್ ಉಗುರಿನಲ್ಲಿ ಕಿತ್ತು ಹಾಕಿದ್ರು. ಅವರು ಕಲಿಸೋ ಕ್ರಮ ಹೀಗೆ: ಮೊದಲು ಹಾಡು ಬಾಯಲ್ಲಿ ಹಾಡಬೇಕು. ಹಾಡೋಕೆ ಬರದ ಸಾಲನ್ನ ಬಾರಿಸೋಕೆ ಬಿಡಲ್ಲ. ಹಾಡು ಚೆನ್ನಾಗಿರಬೇಕು ಅಂತಿಲ್ಲ, ಗೊರಗೊರ ಅಂದ್ರೂ ಪರವಾಗಿಲ್ಲ, ಉಸಿರು ಎಲ್ಲಿ ತಗೊಳ್ತೀಯೋ ಅಲ್ಲಿ ಪಿಕ್ ನಿಲ್ಲಬೇಕು. ಮೂವತ್ತಾರರ ಕಿವಿಯನ್ನ ಮೂರು ತಿಂಗಳ ಕೈಗೆ ಗುರುವಾಗಿ ಕೂರಿಸೋ ದಾರಿ ಇದೊಂದೇ ಅಂತ ನನಗೆ ಅನ್ನಿಸಿದೆ. ಇಲ್ಲದಿದ್ರೆ ಅದು ಬರೀ ಬೈಯೋ ಅತ್ತೆ.

ಅಭ್ಯಾಸದ ಲೆಕ್ಕ ಕೇಳ್ತಾರೆ, ಅದೂ ಹೇಳಿಬಿಡ್ತೀನಿ. ಹತ್ತು ಸಾವಿರ ಗಂಟೆಯ ಮಾತು ನಿಮಗೆಲ್ಲ ಗೊತ್ತು. ಎರಿಕ್‌ಸನ್ ಮತ್ತು ಜೊತೆಯವರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದದ್ದನ್ನ ಮಾಲ್ಕಮ್ ಗ್ಲಾಡ್‌ವೆಲ್ 2008ರ ಪುಸ್ತಕದಲ್ಲಿ ನಿಯಮದ ಥರ ಮಾಡಿದ್ರು. ಎರಿಕ್‌ಸನ್ ಅವರೇ ಆಮೇಲೆ ನಾನು ಹಾಗೆ ಹೇಳಿಲ್ಲ ಅಂತ ಅಂದ್ರು. ನಾನು ದಿನಕ್ಕೆ ಅರ್ಧ ಗಂಟೆ ಬಾರಿಸ್ತೀನಿ. ಹತ್ತು ಸಾವಿರ ಗಂಟೆಗೆ ಇಪ್ಪತ್ತು ಸಾವಿರ ದಿನ, ಅಂದ್ರೆ ಐವತ್ತನಾಲ್ಕು ವರ್ಷ ಚಿಲ್ಲರೆ. ಆಗ ನನಗೆ ತೊಂಬತ್ತು. ಮೆರವಣಿಗೆಯಲ್ಲಿ ನಡೆಯೋಕಾಗಲ್ಲ, ಟೆಂಪೋದಲ್ಲಿ ಕೂರಿಸಬೇಕು. ಆ ಲೆಕ್ಕ ಬಿಟ್ಟುಬಿಡಿ. ಭಾನುವಾರ ಮೂರು ಗಂಟೆ ಒಟ್ಟಿಗೆ ಕುಟ್ಟೋದಕ್ಕಿಂತ ದಿನಾ ಅರ್ಧ ಗಂಟೆ ಹೆಚ್ಚು ಉಳಿಯತ್ತೆ, ಇದು ಮಾತ್ರ ಪಕ್ಕಾ. ರಾತ್ರಿ ಎಡವಿದ ಸಾಲು ಬೆಳಿಗ್ಗೆ ತಾನಾಗೇ ಸಲೀಸಾಗಿರೋದು ನನ್ನ ಅನುಭವ. ಕೈಕೆಲಸವನ್ನ ನಿದ್ದೆ ಗಟ್ಟಿ ಮಾಡತ್ತೆ ಅಂತ ಬೆರಳು ತಟ್ಟಿಸಿ ನಡೆಸಿದ ಪ್ರಯೋಗಗಳೂ ಇವೆ. ಪ್ರೊಡಕ್ಷನ್ ರಿಲೀಸ್ ಇರೋ ವಾರ ಹತ್ತೇ ನಿಮಿಷ, ಆದ್ರೂ ಪೆಟ್ಟಿಗೆ ತೆಗೀತೀನಿ.

ಫ್ಲ್ಯಾಟಿನ ಗೋಡೆಗಳ ಬಗ್ಗೆ ಬೇರೆ ಹೇಳಬೇಕಿಲ್ಲ. ಪಿಕಪ್ ಇರೋ ಬ್ಯಾಂಜೊ ಆದ್ರೆ ಸಣ್ಣ ಆಂಪ್ಲಿಫೈಯರ್ ಮೂಲಕ ಹೆಡ್‌ಫೋನ್ ಹಾಕ್ಕೊಂಡು ಬಾರಿಸಬಹುದು. ಆದ್ರೆ ಹೆಡ್‌ಫೋನಿನಲ್ಲಿ ಎಲ್ಲರೂ ದೊಡ್ಡ ಕಲಾವಿದರೇ. ಎಕೋ ಹಾಕಿದ್ರಂತೂ ಮುಗೀತು. ನಾನು ವಾರಕ್ಕೆ ಎರಡು ದಿನ ಎಲ್ಲಾ ವೈರ್ ತೆಗೆದು ಬರೀ ಮರದ ದನಿಯಲ್ಲಿ ಬಾರಿಸ್ತೀನಿ. ಪಕ್ಕದ ಮನೆಯ ಆಜಿ ಒಂದು ದಿನ ಬಾಗಿಲು ತಟ್ಟಿದ್ರು. ದೂರು ತಂದಿದ್ದಾರೆ ಅಂತ ಎದ್ದು ಹೋದರೆ, ನಿನ್ನೆಯ ಹಾಡಿನ ಎರಡನೇ ಸಾಲು ಯಾಕೆ ಪೂರ್ತಿ ಬಾರಿಸಲ್ಲ ಅಂತ ಕೇಳೋಕೆ ಬಂದಿದ್ರು.

ಈ ಊರಲ್ಲಿ ನಾನು ಒಂಬತ್ತು ವರ್ಷದಿಂದ ಇದೀನಿ. ನಮ್ಮಲ್ಲಿ ಬಹಳ ಜನ ಹೀಗೇ ಇರ್ತೀವಿ ಅಲ್ವಾ, ಆಫೀಸಿನಲ್ಲಿ ಇಂಗ್ಲಿಷ್, ರಿಕ್ಷಾದಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಮರಾಠಿ ಕಿವಿಗೆ ಅರ್ಥ ಆಗತ್ತೆ, ಬಾಯಿಗೆ ಬರಲ್ಲ. ಕಾಕಾಗೆ ಇಂಗ್ಲಿಷ್ ಬರಲ್ಲ, ಹಿಂದಿಯಲ್ಲಿ ಕಲಿಸೋಕೆ ಅವರಿಗೆ ಮನಸ್ಸಿಲ್ಲ. ಹಾಗಾಗಿ ನನ್ನ ಮರಾಠಿ ಪೂರ್ತಿ ಬ್ಯಾಂಜೊ ಮರಾಠಿ. ನಿಧಾನ, ಮತ್ತೆ, ಬಿಡು, ಹಿಡಿ, ತಂತಿ, ತಾಳ. ಅವರು ನನ್ನನ್ನ ತುಂಬಾ ದಿನ ಸಾಹೇಬ್ ಅಂತಲೇ ಕರೀತಿದ್ರು, ತುಮ್ಹಿ ಅಂತ ಬಹುವಚನ. ಫೀಸು ಕೊಡೋ ಕಂಪನಿಯ ಇಂಜಿನಿಯರ್, ಅವರ ಚಾಳಿಗೆ ಬಂದು ಚಾಪೆಯ ಮೇಲೆ ಕೂತರೆ ಅವರಿಗೂ ಸಂಕೋಚ. ಎಂಟನೇ ತಿಂಗಳೋ ಒಂಬತ್ತನೇ ತಿಂಗಳೋ, ಒಂದು ಸಾಲಿನಲ್ಲಿ ನಾನು ಮತ್ತೆ ಮತ್ತೆ ಓಡ್ತಾ ಇದ್ದೆ. ಅವರಿಗೆ ಸಿಟ್ಟು ಬಂತು. ಮಣಿಕಟ್ಟು ಹಿಡಿದು, "ಹಾತ್ ಬಘೂ ನಕೋಸ್ ರೇ, ಐಕ್!" ಅಂದ್ರು. ಬೇಡಿ ಹೋಗಿ ಬೇಡ ಆಯ್ತು, ಕೇಳಿ ಹೋಗಿ ಕೇಳು ಆಯ್ತು. ಅವತ್ತಿಂದ ಸಾಹೇಬ್ ಅನ್ನೋದು ನಿಂತುಹೋಯ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಅವರೇ ಕೇಳಿದ್ರು, ನಿಮ್ಮ ಕಡೆ ಹಾಡು ಒಂದು ಹೇಳು ಅಂತ. ರಾಜ್‌ಕುಮಾರ್ ಅವರ ಒಂದು ಹಳೆಯ ಹಾಡು ಹಾಡಿದೆ, ನನ್ನ ಗೊರಗೊರ ದನಿಯಲ್ಲೇ. ಕಣ್ಣು ಮುಚ್ಚಿ ಎರಡು ಸಲ ಕೇಳಿದ್ರು. ಮೂರನೇ ಸಲಕ್ಕೆ ಪಲ್ಲವಿ ಬ್ಯಾಂಜೊದಲ್ಲಿ ಬಂತು, ಹತ್ತು ನಿಮಿಷದಲ್ಲಿ ಚರಣ ಕೂಡ. ಒಂದು ಅಕ್ಷರ ಕನ್ನಡ ಗೊತ್ತಿಲ್ಲದ ಮನುಷ್ಯ. ಆದ್ರೆ ಚರಣದ ಒಂದು ಕಡೆ, ಕನ್ನಡದಲ್ಲಿ ಪದ ಮುಗಿದು ಮುಂದಿನ ಪದ ಶುರುವಾಗೋ ಜಾಗದಲ್ಲಿ, ಅವರ ಪಿಕ್ ಸರಿಯಾಗಿ ನಿಂತಿತು. ಅಲ್ಲೇನು ಹೇಳ್ತಾರೆ ಅಂತ ಕೇಳಿದ್ರು. ನಾನು ನನ್ನ ಬ್ಯಾಂಜೊ ಮರಾಠಿಯಲ್ಲಿ ಅರ್ಥ ಹೇಳೋಕೆ ಹೊರಟೆ, ಆಗಲಿಲ್ಲ. ಅವರೇ ಕೈ ಎತ್ತಿ, ಇರಲಿ ಬಿಡು, ಗೊತ್ತಾಯ್ತು ಅಂದ್ರು. ಒಳಗಿಂದ ಕಾಕಿ ಇನ್ನೊಂದು ಸಲ ಬಾರಿಸಿ ಅಂದ್ರು.

ಹೋದ ವರ್ಷ ಒಂದೂವರೆ ದಿನದ ಗಣಪತಿಗೆ ಅವರು ನನ್ನನ್ನ ಮೆರವಣಿಗೆಗೆ ಕರೆದರು. ಎರಡನೇ ಬ್ಯಾಂಜೊ ಬಾರಿಸೋ ಹುಡುಗ ಆ ಮಧ್ಯಾಹ್ನ ಡೆಲಿವರಿ ಕೆಲಸದಿಂದ ಬಿಡುವು ಸಿಗದೆ ಬಂದಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಪ್ರತಿ ಹಾಡಿನ ಪಲ್ಲವಿ ಮಾತ್ರ, ಉಳಿದ ಹೊತ್ತು ಬಿಟ್ಟ ತಂತಿಯಲ್ಲಿ ದಾ ರಾ. ಮೂರು ವಾರ ಎಡಗೈ ತೊಡೆಯ ಮೇಲೆ ಇಡಿಸಿದ್ದಕ್ಕೆ ಅವತ್ತು ಬೆಲೆ ಬಂತು. ಮನೆಯಲ್ಲಿ ಬಾರಿಸುವಾಗ ತಪ್ಪಿದ್ರೆ ನಿಲ್ತೀವಿ, ಮತ್ತೆ ಮೊದಲಿಂದ ಶುರು ಮಾಡ್ತೀವಿ. ಬೀದಿಯಲ್ಲಿ ಮೊದಲು ಅನ್ನೋದೇ ಇಲ್ಲ. ಹಿಂದೆ ಎರಡು ಢೋಲು, ಒಂದು ತಾಶಾ, ಮುಂದೆ ಗುಲಾಲಿನಲ್ಲಿ ಮುಳುಗಿದ ಅರವತ್ತು ಜನ ಕುಣೀತಿದ್ದಾರೆ. ನ�ೀನು ಒಂದು ಸ್ವರ ಬಿಟ್ಟರೆ ಹಾಡು ನಿನ್ನ ಬಿಟ್ಟು ಹೋಗತ್ತೆ, ಮುಂದಿನ ಸಮ್‌ನಲ್ಲಿ ಓಡಿ ಹತ್ಕೋಬೇಕು, ಲೋಕಲ್ ಟ್ರೈನಿನ ಥರ. ಹೆಗಲಿಗೆ ಪಟ್ಟಿ, ಸೊಂಟದ ಎತ್ತರಕ್ಕೆ ಪೆಟ್ಟಿಗೆ, ಎರಡು ಗಂಟೆ ನಡಿಗೆ, ನಡುವೆ ಒಂದು ಜೋರು ಮಳೆ. ಕಾಕಾ ಮೊದಲೇ ಬ್ಯಾಂಜೊ ಮೇಲೆ ಪ್ಲಾಸ್ಟಿಕ್ ಹಾಕಿ ಅದರೊಳಗೆ ಕೈ ತೂರಿಸೋಕೆ ತೂತು ಮಾಡಿದ್ರು. ಕೈ ನೋಡಬೇಡ ಅಂದಿದ್ದು ಆಗ ಇನ್ನೊಂದು ಥರ ಅರ್ಥ ಆಯ್ತು. ಪ್ಲಾಸ್ಟಿಕ್ಕಿನ ಮೇಲೆ ಮಳೆ ನೀರು ನಿಂತು ಗುಂಡಿ ಒಂದೂ ಕಾಣ್ತಿರಲಿಲ್ಲ. ಕೇಳಿಯೇ ಬಾರಿಸಬೇಕಿತ್ತು.

ಆ ದಿನ ಅವರ ಪಾರ್ಟಿಯಲ್ಲಿ ಇದ್ದದ್ದು ಒಂಬತ್ತು ಜನ. ಮೊದಲು ಹದಿನಾಲ್ಕು ಇದ್ದರಂತೆ. ಬ್ಯಾಂಜೊ ಪಾರ್ಟಿಯವರು ಬುಕಿಂಗ್‌ಗೆ ಸುಪಾರಿ ಅಂತಾರೆ, ಸಿನಿಮಾದ ಸುಪಾರಿ ಅಲ್ಲ, ಹೆದರಬೇಡಿ. ಆ ಸುಪಾರಿ ಈಗ ಡಿಜೆಗೆ ಹೋಗತ್ತೆ. ಒಬ್ಬ ಮನುಷ್ಯ, ಒಂದು ಲ್ಯಾಪ್‌ಟಾಪ್, ಟ್ರಕ್ ತುಂಬ ಸ್ಪೀಕರ್. ಮಂಡಳಿಯವರಿಗೆ ಹತ್ತು ಹದಿನೈದು ಜನರ ಊಟ ತಿಂಡಿ ನೋಡೋ ತಾಪತ್ರಯ ಇಲ್ಲ. ಶಬ್ದದ ಬಗ್ಗೆ ದೂರೋರು ಎರಡನ್ನೂ ಒಟ್ಟಿಗೇ ದೂರ್ತಾರೆ, ಅದು ನನಗೆ ಸರಿ ಕಾಣಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಅನ್ನೋ ನಿಯಮ ಇರಬೇಕಾದದ್ದೇ, ಬ್ಯಾಂಜೊಗೂ ಇರಲಿ. ಆದ್ರೆ ಬ್ಯಾಂಜೊ ಬಾರಿಸೋ ಮನುಷ್ಯನ ಕೈ ಸೋಲತ್ತೆ, ಅವನು ನೀರು ಕುಡಿಯೋಕೆ ನಿಲ್ತಾನೆ, ಬೀದಿಗೂ ಆಗ ಉಸಿರು ಸಿಗತ್ತೆ. ಲ್ಯಾಪ್‌ಟಾಪಿಗೆ ಬಾಯಾರಲ್ಲ.

ಕಾಕಾನ ಮಗ ಏರ್‌ಪೋರ್ಟಿನಲ್ಲಿ ಕೆಲಸ ಮಾಡ್ತಾನೆ, ಬ್ಯಾಂಜೊ ಮುಟ್ಟಲ್ಲ. ಅದರಲ್ಲಿ ಅವನ ತಪ್ಪೇನೂ ಇಲ್ಲ, ಗಣಪತಿ ಹನ್ನೊಂದು ದಿನ, ವರ್ಷ ಮುನ್ನೂರ ಅರವತ್ತೈದು. ಅವರ ಕೈಯಲ್ಲಿರೋದು ಎಲ್ಲೂ ಬರೆದಿಲ್ಲ. ಯಾವ ಹಾಡಿಗೆ ಶ್ರುತಿ ತಂತಿಯನ್ನ ಪಂಚಮಕ್ಕೆ ಇಡಬೇಕು, ಯಾವುದಕ್ಕೆ ಮಧ್ಯಮಕ್ಕೆ, ತಗಡಿನ ಪಟ್ಟಿಯನ್ನ ಎಷ್ಟು ಅರ ಹಾಕಬೇಕು, ಜನ ಕುಣಿದು ಸುಸ್ತಾದಾಗ ಯಾವ ಹಾಡಿಗೆ ಹೊರಳಬೇಕು. ಈಗ ನಾಲ್ಕು ತಿಂಗಳಿಂದ ನಾನು ಫೋನ್ ಅನ್ನ ಅವರ ಬಲಗೈ ಎದುರು ಇಟ್ಟು ರೆಕಾರ್ಡ್ ಮಾಡ್ತಿದೀನಿ. ಎಡಗೈ ಅಲ್ಲ, ಬಲಗೈ. ಅವರಿಗೆ ಅದು ತಮಾಷೆ. ಇದನ್ನೇನು ನೋಡ್ತೀಯಾ, ಇದು ಕೇಳೋದು ಅಂತಾರೆ.

ನಿಮ್ಮಲ್ಲಿ ಯಾರಿಗಾದ್ರೂ ಕಲಿಯೋ ಮನಸ್ಸಿದ್ರೆ ಎರಡು ಮೂರು ವಿಷಯ ಹೇಳಿ ಮುಗಿಸ್ತೀನಿ. ಆನ್‌ಲೈನ್ ತರಿಸಬೇಡಿ. ಅಂಗಡಿಗೆ ಹೋಗಿ ಪ್ರತಿ ಗುಂಡಿ ಒತ್ತಿ ಕೇಳಿ, ಒತ್ತಿದ ಗುಂಡಿ ಥಟ್ಟನೆ ವಾಪಸ್ ಮೇಲೆ ಬರಬೇಕು, ಯಾವ ಸ್ವರದಲ್ಲೂ ಝರ್ ಅನ್ನೋ ತಗಡಿನ ಸದ್ದು ಇರಬಾರದು. ನಾನು ದಾದರಿನಲ್ಲಿ ತಗೊಂಡದ್ದಕ್ಕೆ ನಾಲ್ಕು ಸಾವಿರದ ಇನ್ನೂರು ಕೊಟ್ಟೆ, ಪಿಕಪ್ ಆಮೇಲೆ ಹಾಕಿಸಿದೆ. ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿಯತ್ತೆ, ಬಾರಿಸಿದ ಮೇಲೆ ಬಟ್ಟೆಗೆ ಒಂದೇ ಹನಿ ಹೊಲಿಗೆ ಮಷೀನ್ ಎಣ್ಣೆ ಹಾಕಿ ಒರೆಸಿ. ಮತ್ತೆ ಗುಂಡಿಗೆ ಸ್ಟಿಕ್ಕರ್ ಹಚ್ಚಬೇಡಿ, ಕೀಳೋದು ಕಷ್ಟ, ಅಂಟು ಹಾಗೇ ಉಳಿಯತ್ತೆ.

ಆ ರಾಜ್‌ಕುಮಾರ್ ಹಾಡನ್ನೇ ಒಂದು ಸಲ ಬಾರಿಸ್ತೀನಿ, ಕಾಕಾ ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸೋಕೆ ನೋಡ್ತೀನಿ. ಎಸಿ ಗಾಳಿಗೆ ತಂತಿ ಇಳಿದಿದೆ. ಶ್ರುತಿ ಮಾಡ್ಕೊಳ್ಳೋಕೆ ಎರಡು ನಿಮಿಷ ಕೊಡಿ.